ರಿಜಿಸ್ಟ್ರಿಗೆ ಪೊರಕೆ ಹಿಡಿಯುವ ಮುನ್ನ

2024ರ ಮೊದಲ ತಿಂಗಳುಗಳಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರು ಕೊಬ್ಬರಿ ಖರೀದಿ ನೋಂದಣಿಗೆ ಸಾಲುಗಟ್ಟಿ ನಿಂತಿದ್ದರು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ, ಅದರ ಮೇಲೆ ರಾಜ್ಯದ 1,500 ರೂಪಾಯಿ ಪ್ರೋತ್ಸಾಹಧನ. ಮಾರುಕಟ್ಟೆಯಲ್ಲಿ ಆಗ ಅಷ್ಟು ಹುಟ್ಟುತ್ತಿರಲಿಲ್ಲ. ರಾಜ್ಯಕ್ಕೆ ಕೊಟ್ಟಿದ್ದ ಮಿತಿ 62,500 ಟನ್. ನೋಂದಣಿ ಶುರುವಾದ ಕೆಲವೇ ದಿನಗಳಲ್ಲಿ ಅದು ಭರ್ತಿಯಾಯಿತು. ಅಕ್ರಮದ ದೂರುಗಳು ಎದ್ದವು, ಆ ನೋಂದಣಿ ರದ್ದಾಗಿ ಮತ್ತೊಮ್ಮೆ ಮೊದಲಿನಿಂದ ನಡೆಯಿತು. ಒಂದು ವರ್ಷದ ಫಸಲು, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ, ಕೊನೆಗೆ ಬಂದು ನಿಂತಿದ್ದು ಮೇಜಿನ ಮೇಲಿನ ಕಂಪ್ಯೂಟರ್ ಮತ್ತು ಹೆಬ್ಬೆಟ್ಟು ಓದುವ ಒಂದು ಪುಟ್ಟ ಯಂತ್ರದ ಮುಂದೆ.

ಅಂಥ ದಿನ ಕಂಪ್ಯೂಟರ್ ‘ಡಿವೈಸ್ ಸಿಗುತ್ತಿಲ್ಲ’ ಎಂದರೆ ಸಾಲು ಮುಂದಕ್ಕೆ ಸರಿಯುವುದಿಲ್ಲ. ಹಾಗೆ ಕೈಕೊಡಲು ಕಾರಣಗಳು ಹಲವು: ಕರೆಂಟು ಹೋಗಿ ಬರುವುದು, ವೈರಸ್ಸು, ಹಳೆಯ ಹಾರ್ಡ್‌ಡಿಸ್ಕು. ಅವುಗಳ ನಡುವೆ ಒಂದನ್ನು ಮಾತ್ರ ಜನ ತಾವಾಗಿಯೇ, ಒಳ್ಳೆಯದಾಗಲಿ ಎಂದೇ ಮಾಡಿಕೊಳ್ಳುತ್ತಾರೆ. ಅದು ರಿಜಿಸ್ಟ್ರಿ ಕ್ಲೀನಿಂಗ್.

ವಿಂಡೋಸ್ ಬಳಸುವ ಪ್ರತಿ ಕಂಪ್ಯೂಟರಿನ ಒಳಗೂ ರಿಜಿಸ್ಟ್ರಿ ಎಂಬ ಒಂದು ದೊಡ್ಡ ದಾಖಲೆಯಿದೆ. ಯಾವ ತಂತ್ರಾಂಶ ಎಲ್ಲಿ ಕೂತಿದೆ, ಯಾವ ಪ್ರಿಂಟರಿಗೆ ಯಾವ ಡ್ರೈವರ್, ಕಂಪ್ಯೂಟರ್ ಆನ್ ಆದಾಗ ಯಾವುದು ಮೊದಲು ಎದ್ದೇಳಬೇಕು, ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು, ಗೋಡೆಚಿತ್ರ ಯಾವುದು, ಇವೆಲ್ಲ ಅಲ್ಲಿ ಬರೆದಿರುತ್ತವೆ. ಕನ್ನಡದ ಕೀಲಿಮಣೆಗೂ ಅಲ್ಲೊಂದು ಗುರುತಿನ ಸಂಖ್ಯೆಯಿದೆ. ಅದರ ಕೊನೆಯ ಭಾಗ 044ಬಿ. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಸಣ್ಣದಾಗಿತ್ತು. ಆಗ ಹೆಚ್ಚಿನ ಸೆಟ್ಟಿಂಗುಗಳೆಲ್ಲ ‘ಐಎನ್‌ಐ’ ಎಂಬ ಬಿಡಿ ಬಿಡಿ ಕಡತಗಳಲ್ಲಿ ಚದುರಿದ್ದವು. 1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಅವುಗಳನ್ನು ಒಂದೇ ಕಡೆ ತಂದಿತು. ಹುಡುಕುವುದು ಸಲೀಸಾಯಿತು, ಕೆಟ್ಟರೆ ಎಲ್ಲವೂ ಒಟ್ಟಿಗೇ ಕೆಡುವುದೂ ಸಲೀಸಾಯಿತು.

ಇಂದಿನ ವಿಂಡೋಸ್‌ನಲ್ಲಿ ಈ ದಾಖಲೆಯ ಮುಖ್ಯ ಭಾಗಗಳು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ, ಸಿಸ್ಟಮ್32ರ ಕಾನ್ಫಿಗ್ ಎಂಬ ಫೋಲ್ಡರಿನಲ್ಲಿವೆ. ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡೀಫಾಲ್ಟ್ ಎಂಬ ಹೆಸರಿನ ಕಡತಗಳು ಅವು. ಪ್ರತಿ ಬಳಕೆದಾರನಿಗೂ ಇನ್ನೊಂದು ಬೇರೆ ಕಡತ ಇರುತ್ತದೆ. ಬರೆಯುತ್ತಿರುವಾಗ ಕರೆಂಟು ಹೋದರೆ ಅರೆಬರೆಯಾಗಬಾರದು ಎಂದು ಪಕ್ಕದಲ್ಲೇ ‘ಲಾಗ್’ ಕಡತಗಳೂ ಇವೆ. ಮುಂದಿನ ಸಲ ಆನ್ ಆದಾಗ ವಿಂಡೋಸ್ ಅವುಗಳನ್ನು ನೋಡಿ ಬಿಟ್ಟುಹೋದದ್ದನ್ನು ಸರಿಪಡಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರುಗಳಲ್ಲಿ ಈ ವ್ಯವಸ್ಥೆ ಎಷ್ಟು ಸಲ ಮಾನ ಉಳಿಸಿದೆಯೋ. ಆದರೆ ಅದು ಕರೆಂಟಿನಿಂದ ಕಾಪಾಡುತ್ತದೆ. ಮಾಲೀಕನೇ ‘ಅಳಿಸು’ ಎಂದರೆ ಮರುಮಾತಾಡದೆ ಅಳಿಸುತ್ತದೆ.

ಇನ್ನು ಕಸದ ಮಾತು. ತಂತ್ರಾಂಶವನ್ನು ಹಾಕಿ ತೆಗೆದಾಗ ಅದರ ಕೆಲವು ಸಾಲುಗಳು ರಿಜಿಸ್ಟ್ರಿಯಲ್ಲಿ ಹಾಗೇ ಉಳಿಯುತ್ತವೆ. ಇದು ಸುಳ್ಳಲ್ಲ. ಇಂಥ ಸಾಲುಗಳನ್ನು ಹುಡುಕಿ ಅಳಿಸುವ ‘ರಿಜಿಸ್ಟ್ರಿ ಕ್ಲೀನರ್’ ತಂತ್ರಾಂಶ ಮಾರುವವರು ಹಿಡಿದುಕೊಳ್ಳುವುದು ಇದನ್ನೇ. ಒಂದು ಬಟನ್ ಒತ್ತಿದರೆ ಪರದೆ ಕೆಂಪಾಗಿ, ನೂರಾರು ‘ದೋಷ’ಗಳು ಸಾಲಾಗಿ ಇಳಿಯುತ್ತವೆ. ನೋಡಿದವರ ಎದೆ ಧಸಕ್ಕೆನ್ನಬೇಕು, ಹಾಗಿರುತ್ತದೆ ಅದರ ಏರ್ಪಾಡು.

ಆದರೆ ಕಸವೆಂದು ಕಂಡದ್ದೆಲ್ಲ ಕಸವಲ್ಲ. ನಮ್ಮ ರೈತರಿಗೆ ಇದನ್ನು ಹೇಳಲು ಪಹಣಿಯೇ ಸಾಕು. ತೀರಿಹೋದ ತಾತನ ಹೆಸರು ಪಹಣಿಯಲ್ಲಿ ಇನ್ನೂ ಇರುತ್ತದೆ. ‘ಈ ವ್ಯಕ್ತಿ ಬದುಕಿಲ್ಲ, ಆದ್ದರಿಂದ ಈ ಸಾಲು ಕಸ’ ಎಂದು ಯಾರಾದರೂ ಗೀಟು ಹೊಡೆದರೆ ಏನಾಗುತ್ತದೆ? ಮೂವರು ಮಕ್ಕಳ ಹಕ್ಕು ನಿಂತಿರುವುದೇ ಆ ಹೆಸರಿನ ಮೇಲೆ. ಪೌತಿ ಖಾತೆಯಾಗದೆ ಆ ಸಾಲನ್ನು ಮುಟ್ಟುವಂತಿಲ್ಲ. ರಿಜಿಸ್ಟ್ರಿ ಕ್ಲೀನರ್ ಮಾತ್ರ ವಂಶವೃಕ್ಷ ಕೇಳುವುದಿಲ್ಲ.

ಅದು ತಪ್ಪುವುದು ಎಲ್ಲಿ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕ್ಲೀನರ್ ಮಾಡುವ ಪರೀಕ್ಷೆ ಸರಳ: ಈ ಸಾಲು ಹೇಳುವ ಕಡತ ಅಥವಾ ಸಾಧನ ಈಗ ಇದೆಯೇ? ಇಲ್ಲದಿದ್ದರೆ ಕಸ. ‘ಈಗ’ ಎಂಬಲ್ಲೇ ಎಡವಟ್ಟು. ಗ್ರಾಮ ಒನ್ ಕೇಂದ್ರದ ಬೆರಳಚ್ಚು ಯಂತ್ರವನ್ನು ರಾತ್ರಿ ಬೀಗ ಹಾಕುವಾಗ ಬಿಚ್ಚಿಟ್ಟಿರುತ್ತಾರೆ. ಲೆಕ್ಕಪರಿಶೋಧಕರ ಡಿಜಿಟಲ್ ಸಹಿಯ ಟೋಕನ್ ಅವರ ಜೇಬಿನಲ್ಲಿರುತ್ತದೆ. ಮಂಡಿಯಲ್ಲಿ ಎರಡು ಕಂಪ್ಯೂಟರ್ ಜೋಡಿಸಿದ್ದರೆ, ಲೆಕ್ಕದ ಫೋಲ್ಡರ್ ಇರುವ ಇನ್ನೊಂದನ್ನು ಆಗಲೇ ಆಫ್ ಮಾಡಿರುತ್ತಾರೆ. ಇವೆಲ್ಲ ಆ ಹೊತ್ತಿಗೆ ‘ಇಲ್ಲ’. ಬೆಳಗ್ಗೆ ಬಂದು ಜೋಡಿಸಿದರೆ ಕಂಪ್ಯೂಟರಿಗೆ ಗುರುತೇ ಸಿಗದಿರುವ ಸಾಧ್ಯತೆ ಉಂಟು.

ಹಾಲಿನ ಡೈರಿಯಲ್ಲಿ ತೂಕದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ವೈರನ್ನೇ ತೆಗೆದುಕೊಳ್ಳಿ. ಅದು ಬಹಳ ಕಡೆ ಹಳೆಯ ಸೀರಿಯಲ್ ಸಂಪರ್ಕ. ನಡುವೆ ಯುಎಸ್‌ಬಿಗೆ ಬದಲಿಸುವ ಒಂದು ತುಂಡು. ವಿಂಡೋಸ್ ಅದಕ್ಕೆ ‘ಕಾಮ್ 3’, ‘ಕಾಮ್ 5’ ಎಂದು ನಂಬರು ಕೊಟ್ಟು ರಿಜಿಸ್ಟ್ರಿಯಲ್ಲಿ ಬರೆದುಕೊಳ್ಳುತ್ತದೆ. ಡೈರಿಯ ತಂತ್ರಾಂಶ ಕಾಯುವುದು ಆ ನಂಬರಿಗೇ. ದಾಖಲೆ ಅಳಿದು ಹೊಸ ನಂಬರು ಬಂದರೆ ತೂಕ ಪರದೆಗೆ ಬರುವುದಿಲ್ಲ, ಯಂತ್ರ ಸರಿಯಾಗಿಯೇ ಇದ್ದರೂ.

ಕನ್ನಡದ ವಿಷಯಕ್ಕೆ ಬಂದರೆ ತೊಂದರೆ ಕಣ್ಣಿಗೇ ಹೊಡೆಯುತ್ತದೆ. ವಿಂಡೋಸ್ ಎಕ್ಸ್‌ಪಿಯ ಜೊತೆ 2001ರಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿ ಬಂತು, ಯುನಿಕೋಡ್ ಬಂತು. ಆದರೂ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಟೈಪಾದ ಪತ್ರಗಳು ರಾಶಿ ಬಿದ್ದಿವೆ. ಯಾವ ಫಾಂಟು ಯಾವ ಕಡತದಲ್ಲಿದೆ ಎಂಬ ಪಟ್ಟಿಯೂ ರಿಜಿಸ್ಟ್ರಿಯಲ್ಲೇ ಇದೆ. ಆ ಪಟ್ಟಿಯಿಂದ ನುಡಿಯ ಸಾಲು ಬಿದ್ದುಹೋದರೆ, ಹತ್ತು ವರ್ಷದ ಹಿಂದಿನ ಠರಾವು ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟೆಳೆದ ಎ, ನಡುನಡುವೆ ಬ್ರಿಟಿಷ್ ಪೌಂಡಿನ ಗುರುತು. ಪತ್ರ ಹಾಳಾಗಿರುವುದಿಲ್ಲ; ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಅದು ತಿಳಿಯದೆ ‘ಫೈಲ್ ಕರಪ್ಟ್ ಆಗಿದೆ’ ಎಂದು ಅಳಿಸಿದರೆ ಮಾತ್ರ ಕಥೆ ಮುಗಿಯಿತು.

ಇಷ್ಟೆಲ್ಲ ಅಪಾಯಕ್ಕೆ ಪ್ರತಿಯಾಗಿ ಸಿಗುವುದಾದರೂ ಏನು? ವೇಗ ಎನ್ನುತ್ತಾರೆ. ವಿಂಡೋಸ್ ರಿಜಿಸ್ಟ್ರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದಿಲ್ಲ. ಬೇಕಾದ ಕೊಂಬೆಯನ್ನು ಹಿಡಿದು ನೇರ ಆ ಸಾಲಿಗೆ ಹೋಗುತ್ತದೆ. ಲಕ್ಷಗಟ್ಟಲೆ ಸಾಲುಗಳ ನಡುವೆ ಸಾವಿರ ಸಾಲು ಸುಮ್ಮನೆ ಬಿದ್ದಿದ್ದರೆ ಕಾಣುವಷ್ಟು ವ್ಯತ್ಯಾಸವಾಗುವುದಿಲ್ಲ. ಕಂಪ್ಯೂಟರ್ ಆಮೆಯಾಗಿರುವುದಕ್ಕೆ ಕಾರಣ ಸಾಮಾನ್ಯವಾಗಿ ಬೇರೆ: ತುಂಬಿದ ಸಿ ಡ್ರೈವ್, ಕಡಿಮೆ ರ್‍ಯಾಮ್, ಆನ್ ಆದ ಕೂಡಲೇ ತಾವಾಗಿ ಎದ್ದು ಕೂರುವ ಹತ್ತಾರು ತಂತ್ರಾಂಶ, ಫ್ಯಾನಿಗೆ ಮೆತ್ತಿಕೊಂಡ ಧೂಳು, ತಿರುಗುವ ಹಳೆಯ ಹಾರ್ಡ್‌ಡಿಸ್ಕು. ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಬರುವ ವೇಗವನ್ನು ಯಾವ ಕ್ಲೀನರೂ ಕೊಡಲಾರದು.

ಮೈಕ್ರೋಸಾಫ್ಟ್ ಒಂದು ಕಾಲಕ್ಕೆ ತಾನೇ ‘ರೆಜ್‌ಕ್ಲೀನ್’ ಎಂಬ ಸಾಧನವನ್ನು ಹಂಚಿತ್ತು, ಆಮೇಲೆ ಕೈಬಿಟ್ಟಿತು. ಈಗ ಅದರ ನಿಲುವು ಸ್ಪಷ್ಟ: ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಗೆ ತನ್ನ ಬೆಂಬಲವಿಲ್ಲ, ಅವುಗಳಿಂದ ಕೆಟ್ಟದ್ದಕ್ಕೆ ತಾನು ಹೊಣೆಯಲ್ಲ, ಕೆಲವೊಮ್ಮೆ ವಿಂಡೋಸನ್ನೇ ಮತ್ತೆ ಹಾಕಬೇಕಾಗುತ್ತದೆ.

ಕ್ಲೀನರ್ ಲೋಕದ ಅತಿ ಪ್ರಸಿದ್ಧ ಹೆಸರು ಸಿಕ್ಲೀನರ್. 2017ರ ಸೆಪ್ಟೆಂಬರ್‌ನಲ್ಲಿ ಅದರ 5.33 ಆವೃತ್ತಿಯೊಳಗೆ ಕಳ್ಳರು ದುಷ್ಟ ತಂತ್ರಾಂಶ ತೂರಿಸಿದ್ದು ಬಯಲಾಯಿತು. ಕಂಪನಿಯ ಅಧಿಕೃತ ಜಾಗದಿಂದಲೇ ಇಳಿಸಿಕೊಂಡ ಸುಮಾರು 22 ಲಕ್ಷ 70 ಸಾವಿರ ಕಂಪ್ಯೂಟರುಗಳಿಗೆ ಅದು ಹೊಕ್ಕಿತ್ತು. ಅದು ಕಂಪನಿಯೇ ಮಾಡಿದ ಮೋಸವಲ್ಲ, ಅದರ ಮೇಲೆ ನಡೆದ ದಾಳಿ. ಅಮೆರಿಕದ ಇನ್ನೊಂದು ಪ್ರಕರಣ ಮೋಸದ್ದೇ: ಇಲ್ಲದ ತೊಂದರೆಗಳನ್ನು ತೋರಿಸಿ ಜನರನ್ನು ಹೆದರಿಸಿ ‘ರಿಪೇರಿ’ ಮಾರಿದ ಆರೋಪದ ಮೇಲೆ ರೆಸ್ಟೋರೋ ಮತ್ತು ರೀಇಮೇಜ್ ಎಂಬ ಕಂಪನಿಗಳು 2024ರ ಮಾರ್ಚ್‌ನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ಗೆ 2.6 ಕೋಟಿ ಡಾಲರ್ ಕಟ್ಟಲು ಒಪ್ಪಿದವು.

ಹಾಗಾದರೆ ರಿಜಿಸ್ಟ್ರಿಯನ್ನು ಮುಟ್ಟಲೇಬಾರದೇ? ಮುಟ್ಟಬೇಕಾದ ಸಂದರ್ಭಗಳಿವೆ. ಹಟ ಹಿಡಿದ ಪ್ರಿಂಟರು, ತೆಗೆದರೂ ಹೋಗದ ತಂತ್ರಾಂಶ, ವೈರಸ್ಸು ಬರೆದಿಟ್ಟುಹೋದ ಸಾಲು. ತಿಳಿದವರು ಯಾವ ಸಾಲು ಎಂದು ಗೊತ್ತಿದ್ದು ಅದೊಂದನ್ನೇ ತಿದ್ದುತ್ತಾರೆ. ಆ ಮೊದಲು ಬ್ಯಾಕಪ್ ತೆಗೆಯುತ್ತಾರೆ. ತೆಗೆಯದವರನ್ನು ತಿಳಿದವರು ಎನ್ನಬಾರದು.

ಬ್ಯಾಕಪ್‌ನಲ್ಲಿ ಬಗೆಗಳಿವೆ, ಎಲ್ಲವೂ ಒಂದೇ ಅಲ್ಲ. ಸಣ್ಣ ತಿದ್ದುಪಡಿಗೆ ರಿಜಿಸ್ಟ್ರಿ ಎಡಿಟರ್‌ನ ‘ಎಕ್ಸ್‌ಪೋರ್ಟ್’ ಸಾಕು. ವಿಂಡೋಸ್ ಕೀ ಮತ್ತು ಆರ್ ಒತ್ತಿ, ‘ರೆಜ್‌ಎಡಿಟ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ತಿದ್ದಬೇಕಾದ ‘ಕೀ’ (ರಿಜಿಸ್ಟ್ರಿಯ ಕೊಂಬೆ) ಮೇಲೆ ನಿಂತು, ಫೈಲ್ ಮೆನುವಿನಿಂದ ಎಕ್ಸ್‌ಪೋರ್ಟ್ ಕೊಟ್ಟರೆ ಒಂದು ‘.ರೆಗ್’ ಕಡತ ಸಿಗುತ್ತದೆ. ಎಡವಟ್ಟಾದರೆ ಅದರ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಅಳಿದದ್ದು ಮರಳುತ್ತದೆ. ಮಿತಿಯೊಂದಿದೆ: ಈ ಕಡತ ಹಳೆಯದನ್ನು ಮತ್ತೆ ಬರೆಯುತ್ತದೆಯೇ ಹೊರತು ನಡುವೆ ಹೊಸದಾಗಿ ಸೇರಿದ್ದನ್ನು ತೆಗೆಯುವುದಿಲ್ಲ. ಇಡೀ ರಿಜಿಸ್ಟ್ರಿಯನ್ನು ಹೀಗೆ ಎಕ್ಸ್‌ಪೋರ್ಟ್ ಮಾಡಿಟ್ಟು ನಿಶ್ಚಿಂತೆಯಾಗಿರುವವರೂ ಇದ್ದಾರೆ; ಓಡುತ್ತಿರುವ ವಿಂಡೋಸ್ ತನ್ನ ಕೈಯಲ್ಲಿರುವ ಕೀಗಳ ಮೇಲೆ ಬರೆಯಲು ಬಿಡುವುದಿಲ್ಲವಾದ್ದರಿಂದ ಅದನ್ನು ಪೂರ್ತಿಯಾಗಿ ಮರಳಿ ಹಾಕಲು ಆಗುವುದಿಲ್ಲ.

ಇಡೀ ರಿಜಿಸ್ಟ್ರಿಗೆ ಸಾಮಾನ್ಯರ ಕೈಗೆಟುಕುವ ದಾರಿ ‘ಸಿಸ್ಟಮ್ ರಿಸ್ಟೋರ್’. ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿದರೆ ಕಿಟಕಿ ತೆರೆಯುತ್ತದೆ. ಸಿ ಡ್ರೈವ್‌ನ ಎದುರು ‘ಪ್ರೊಟೆಕ್ಷನ್’ ಆಫ್ ಎಂದಿದ್ದರೆ, ಎಷ್ಟೋ ಕಂಪ್ಯೂಟರುಗಳಲ್ಲಿ ಹಾಗೇ ಇರುತ್ತದೆ, ಮೊದಲು ಆನ್ ಮಾಡಬೇಕು. ಆಮೇಲೆ ‘ಕ್ರಿಯೇಟ್’ ಒತ್ತಿ ಒಂದು ಹೆಸರು ಕೊಟ್ಟರೆ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಕಂಪ್ಯೂಟರ್ ಏಳದೇ ಹೋದರೂ ರಿಕವರಿಯ ನೀಲಿ ಪರದೆಯಿಂದ ಆ ದಿನಕ್ಕೆ ಹಿಂದಿರುಗಬಹುದು. ಆದರೆ ಈ ಪಾಯಿಂಟುಗಳು ಶಾಶ್ವತವಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಹೆಚ್ಚೆಂದರೆ 60 ದಿನ ಉಳಿಯುತ್ತವೆ. ಟ್ಯಾಲಿಯ ಲೆಕ್ಕ, ಫೋಟೊ, ಪತ್ರಗಳು ಇದರೊಳಗೆ ಸೇರುವುದಿಲ್ಲ. ಅವನ್ನು ಬೇರೆಯಾಗಿ ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್‌ಡಿಸ್ಕ್‌ಗೋ ತೆಗೆದಿಡಬೇಕು.

ಇನ್ನೊಂದು ಬ್ಯಾಕಪ್ ಇದೆ ಎಂದು ಹಳೆಯ ಕೈಗಳು ನಂಬಿಕೊಂಡಿರುತ್ತವೆ. ಕಾನ್ಫಿಗ್ ಫೋಲ್ಡರಿನೊಳಗೆ ‘ರೆಜ್‌ಬ್ಯಾಕ್’ ಎಂಬ ಫೋಲ್ಡರಿದೆ. ವಿಂಡೋಸ್ ಮೊದಲು ತಾನಾಗಿಯೇ ಆಗಾಗ ರಿಜಿಸ್ಟ್ರಿಯ ಪ್ರತಿಯನ್ನು ಅಲ್ಲಿ ಇಡುತ್ತಿತ್ತು. ಏಳದ ಕಂಪ್ಯೂಟರನ್ನು ಅಲ್ಲಿಂದ ನಕಲು ಮಾಡಿ ಎಬ್ಬಿಸುವುದು ರಿಪೇರಿಯವರ ಪಳಗಿದ ಪಟ್ಟಾಗಿತ್ತು. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಿಂದ ಮೈಕ್ರೋಸಾಫ್ಟ್ ಡಿಸ್ಕ್ ಜಾಗ ಉಳಿಸಲೆಂದು ಇದನ್ನು ನಿಲ್ಲಿಸಿತು. ಫೋಲ್ಡರ್ ಇದೆ, ಕಡತಗಳ ಹೆಸರೂ ಕಾಣುತ್ತವೆ, ಅಳತೆ ಮಾತ್ರ ಸೊನ್ನೆ ಕೆಬಿ. ಕೆಲಸ ‘ಯಶಸ್ವಿಯಾಗಿ ಮುಗಿಯಿತು’ ಎಂಬ ವರದಿಯೂ ಬರುತ್ತದೆ! ಖಾಲಿ ಚೀಲ ತೂಗಿ ರಸೀತಿ ಕೊಟ್ಟ ಹಾಗಿರುವ ಈ ಏರ್ಪಾಡನ್ನು ಕಂಪನಿ ದೋಷ ಎನ್ನುವುದಿಲ್ಲ, ಉದ್ದೇಶಪೂರ್ವಕ ಎನ್ನುತ್ತದೆ. ‘ಎನೇಬಲ್ ಪೀರಿಯಾಡಿಕ್ ಬ್ಯಾಕಪ್’ ಎಂಬ ಸಾಲನ್ನು ರಿಜಿಸ್ಟ್ರಿಗೇ ಸೇರಿಸಿ ಹಳೆಯ ವ್ಯವಸ್ಥೆಯನ್ನು ಮತ್ತೆ ಶುರು ಮಾಡಬಹುದು. ಅದು ತಿಳಿದವರ ಕೆಲಸ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರುಗಳನ್ನು ‘ಸ್ವಲ್ಪ ಕ್ಲೀನ್ ಮಾಡಿಕೊಡಿ’ ಎಂದು ಅಂಗಡಿಗೆ ಒಯ್ಯುವವರು ಇನ್ನು ಹೆಚ್ಚುತ್ತಾರೆ. ಒಯ್ಯುವ ಮುನ್ನ ಲೆಕ್ಕದ ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಅಂಗಡಿಯವರಿಗೆ ಎರಡು ಮಾತು ಹೇಳಿ: ಫ್ಯಾನಿನ ಧೂಳು ತೆಗೆಯಿರಿ, ರಿಜಿಸ್ಟ್ರಿ ಕ್ಲೀನರ್ ಹಾಕಬೇಡಿ. ರಿಜಿಸ್ಟ್ರಿ ಮುಟ್ಟಲೇಬೇಕಾದರೆ ನಿಮ್ಮೆದುರಿಗೇ ರಿಸ್ಟೋರ್ ಪಾಯಿಂಟ್ ಮಾಡಿಸಿ, ಅದರ ತಾರೀಖನ್ನು ಬರೆದಿಟ್ಟುಕೊಳ್ಳಿ.