ಗಣಿ ಮುಚ್ಚಿದ ನೆಲ: ದಾರಿ ನೋಡಿ, ಹೊಂಡ ನೋಡಿ



ಹೊಲವನ್ನು ಗುತ್ತಿಗೆಗೆ ಕೊಟ್ಟವರು ಅವಧಿ ಮುಗಿದಾಗ ಬದು, ಬಾವಿ, ಗಾಡಿದಾರಿ ಎಲ್ಲವನ್ನೂ ನೋಡಿಯೇ ಹಿಂದಕ್ಕೆ ಪಡೆಯುತ್ತಾರೆ. ಗಣಿಗೆ ನೆಲ ಕೊಟ್ಟವರೂ ಹಾಗೆಯೇ ನೋಡಬೇಡವೆ? ನಮ್ಮ ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ನಿಜ. ಆದರೂ ಅಮೆರಿಕದ ಕಲ್ಲಿದ್ದಲು ಸೀಮೆಯವರು ಪಟ್ಟ ಪಾಡಿನಿಂದ ನಾವು ಕಲಿಯುವುದು ಇದೆ.

1972ರ ಫೆಬ್ರವರಿ 26ರಂದು ಅಲ್ಲಿನ ಪಶ್ಚಿಮ ವರ್ಜೀನಿಯಾದ ಬಫಲೋ ಕ್ರೀಕ್ ಎಂಬ ಕಣಿವೆಯಲ್ಲಿ, ಗಣಿಯ ಕಸದಿಂದ ಕಟ್ಟಿದ್ದ ಏರಿ ಮಳೆಗೆ ಒಡೆಯಿತು. 125 ಜನ ಸತ್ತರು. 4,000ಕ್ಕೂ ಹೆಚ್ಚು ಮಂದಿಗೆ ಮನೆಯಿಲ್ಲದಂತಾಯಿತು. ಅದಕ್ಕೆ ನಾಲ್ಕೇ ದಿನ ಮುಂಚೆ ಸರ್ಕಾರಿ ಪರೀಕ್ಷಕರು ಆ ಏರಿ ತೃಪ್ತಿಕರವಾಗಿದೆ ಅಂತ ಹೇಳಿದ್ದರು!

1977ರಲ್ಲಿ ಅಲ್ಲಿ ಹೊಸ ಕಾಯಿದೆ ಬಂತು. ಅದರಂತೆ ಗಣಿಯವರು ಮೊದಲೇ ಜಾಮೀನು ಇಡಬೇಕು. ಅಗೆದ ಗುಂಡಿ ಮುಚ್ಚಿ, ಮೇಲ್ಮಣ್ಣು ಹರಡಿ, ಹಸಿರು ಬೆಳೆಸಿ 5 ವರ್ಷ ನೋಡಿಕೊಳ್ಳಬೇಕು. ಮಳೆ ವರ್ಷಕ್ಕೆ 26 ಅಂಗುಲ ಮೀರದ ಕಡೆ 10 ವರ್ಷ. ಆಮೇಲೆಯೇ ಜಾಮೀನಿನ ಪೂರ್ತಿ ಬಿಡುಗಡೆ. ಅದಕ್ಕೆ ಮುಂಚಿನ ತನಿಖೆಗೆ ಜಮೀನಿನ ಒಡೆಯರಿಗೆ ತಿಳಿಸಬೇಕು. ಅವರೂ ಜೊತೆಗೆ ಹೋಗಬಹುದು.

ಹೋದವರು ಏನು ನೋಡಬೇಕು? ಮೊದಲು ದಾರಿ. ಮಳೆ ಬಂದ ಮಾರನೆಯ ದಿನ ನಡೆದು ನೋಡಿ. ನೀರು ಪಕ್ಕದ ಚರಂಡಿಗೆ ಇಳಿದಿದ್ದರೆ ಸರಿ. ಚಕ್ರದ ಜಾಡಿನಲ್ಲೇ ಹರಿದಿದ್ದರೆ ಇವತ್ತಿನ ಗೀರು ನಾಳೆ ಕೊರಕಲು. ಮೋರಿಯ ಬಾಯಿ ಕಸದಿಂದ ಕಟ್ಟಿದೆಯೆ? ನೀರು ಬೀಳುವ ಜಾಗದಲ್ಲಿ ಕಲ್ಲು ಹಾಸಿದೆಯೆ, ಇಲ್ಲ ಮಣ್ಣು ಕೊಚ್ಚಿ ಗುಂಡಿ ಬಿದ್ದಿದೆಯೆ? ದಾರಿಯಿಂದ ಕೊಚ್ಚಿದ ಮಣ್ಣು ಹೋಗಿ ಸೇರುವುದು ಕೆಳಗಿನ ಹೊಂಡಕ್ಕೇ.

ಆದ್ದರಿಂದ ಎರಡನೆಯದು ಹೊಂಡ. ಅದರ ಕೆಲಸ ಹೂಳನ್ನು ತಡೆದು ತಿಳಿನೀರನ್ನು ಮುಂದೆ ಬಿಡುವುದು. ಹೂಳೇ ತುಂಬಿಕೊಂಡರೆ ನೀರಿಗೆ ಜಾಗವೆಲ್ಲಿ? ಏರಿಯ ಮೇಲೆ ಬಿರುಕು, ಕುಸಿತ, ಹೆಗ್ಗಣದ ಬಿಲ ಇವೆಯೇ ನೋಡಿ. ಏರಿಯ ಬುಡದಲ್ಲಿ ಜಿನುಗುವ ನೀರು ಕದಡಿದ್ದರೆ ಒಳಗಿನ ಮಣ್ಣು ಹೊರಡುತ್ತಿದೆ ಅಂತ ಅರ್ಥ, ತಡಮಾಡದೆ ತಿಳಿಸಬೇಕು. ಕೋಡಿಗೆ ಗಿಡಗಂಟಿ ಅಡ್ಡ ಇರಬಾರದು. ಕೋಡಿ ಕಟ್ಟಿದರೆ ನೀರು ಏರಿಯನ್ನೇ ಹತ್ತುತ್ತದೆ.

ನೀರಿನ ಬಣ್ಣವನ್ನೂ ಗಮನಿಸಿ. ಕಲ್ಲಿದ್ದಲಿನ ಪಕ್ಕದ ಕಲ್ಲಿನಲ್ಲಿ ಕಬ್ಬಿಣ, ಗಂಧಕ ಸೇರಿರುತ್ತವೆ. ಅದಕ್ಕೆ ಗಾಳಿ, ನೀರು ತಗುಲಿದರೆ ಆಮ್ಲ ಹುಟ್ಟುತ್ತದೆ; ಕಲ್ಲಿನ ಮೇಲೆ ತುಕ್ಕಿನ ಬಣ್ಣದ ಗಸಿ ಕೂರುತ್ತದೆ. ಅಂಥ ನೀರನ್ನು ಪರೀಕ್ಷೆ ಮಾಡಿಸದೆ ದನಕ್ಕೆ ಕುಡಿಸಬೇಡಿ. ನೋಡುವುದಕ್ಕೆ ತಿಳಿಯಾಗಿದ್ದರೂ ಹುಳಿನೀರು ಇರಬಹುದು, ಕಣ್ಣನ್ನೊಂದೇ ನಂಬಬೇಡಿ.

ಇನ್ನು ನಮ್ಮ ಕಡೆಯ ಮಾತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೀಮೆಯ ಕಬ್ಬಿಣದ ಅದಿರಿನ ಗಣಿಗಳನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ನಿಲ್ಲಿಸಿತು. ಮತ್ತೆ ತೆರೆಯುವವರು ನೆಲವನ್ನು ಸರಿಪಡಿಸುವ ಯೋಜನೆಯನ್ನು ನಡೆಸಬೇಕೆಂದು ವಿಧಿಸಿತು. ಅದಿರು ಬೇರೆ ಇರಬಹುದು, ನೀರಿನ ಗುಣ ಒಂದೇ. ನಿಮ್ಮ ಊರಿನ ಮೇಲುಗಡೆ ಗಣಿ ಇದ್ದರೆ ಮೊದಲ ಮಳೆಗೆ ಮುಂಚೆ ಒಮ್ಮೆ, ದೊಡ್ಡ ಮಳೆಯ ಮಾರನೆಯ ದಿನ ಇನ್ನೊಮ್ಮೆ, ನಾಲ್ಕು ಜನ ಕೂಡಿ ದೂರದಿಂದಲಾದರೂ ಹಳ್ಳ, ಏರಿ, ಕೋಡಿ ನೋಡಿ ಬನ್ನಿ. ಕಂಡದ್ದನ್ನು ತಾರೀಖು ಹಾಕಿ ಬರೆದು ಪಂಚಾಯಿತಿಗೆ ಕೊಡಿ. ಕಾಗದದ ಮೇಲೆ ಏರಿ ಎಷ್ಟೇ ಭದ್ರವಾಗಿದ್ದರೂ, ಒಡೆದರೆ ನೀರು ಬರುವುದು ನಮ್ಮ ಮನೆಗೇ.