ಜೋಳದ ರೊಟ್ಟಿಯೂ ಉಲ್ಲೇಖಗಳ ಲೆಕ್ಕವೂ

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿ ಹಿಂಗಾರಿಯ ಬಿಳಿಜೋಳಕ್ಕೆ ಬಹುಕಾಲದಿಂದ ಹೆಸರಾದುದು. ಅಲ್ಲಿಯವರ ನಿತ್ಯದ ಊಟ ಜೋಳದ ರೊಟ್ಟಿ. ಈ ರೊಟ್ಟಿಗೂ ಲಂಡನ್ನಿನ ವೈದ್ಯಕೀಯ ಪತ್ರಿಕೆಯೊಂದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದು ಪೆಲಾಗ್ರ ಎಂಬ ರೋಗದ ಮೂಲಕ ಬಂದುದು.

ಬಿಸಿಲು ತಾಗುವ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ: ಇವು ಪೆಲಾಗ್ರದ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ತ್ವದ ಅಭಾವದಿಂದ ಇದು ಬರುತ್ತದೆ. ಟ್ರಿಪ್ಟೋಫೇನ್ ಎಂಬ ಅಮೈನೋ ಆಮ್ಲದಿಂದಲೂ ನಮ್ಮ ದೇಹವು ನಯಾಸಿನ್ನನ್ನು ತಯಾರಿಸಿಕೊಳ್ಳಬಲ್ಲದು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೋಫೇನಿನಿಂದ 1 ಮಿಲಿಗ್ರಾಂ ನಯಾಸಿನ್ ದೊರೆಯುತ್ತದೆ. ಮೆಕ್ಕೆಜೋಳದಲ್ಲಿ ಟ್ರಿಪ್ಟೋಫೇನ್ ಕಡಿಮೆ. ಆದುದರಿಂದ ಅದನ್ನೇ ನೆಚ್ಚಿದ ಬಡವರಲ್ಲಿ ರೋಗ ಹಬ್ಬಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಜೋಳದಲ್ಲಿ ಟ್ರಿಪ್ಟೋಫೇನ್ ಅಷ್ಟು ಕಡಿಮೆಯಿಲ್ಲ. ಹೀಗಿದ್ದೂ ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ಉಂಡು ಬದುಕುತ್ತಿದ್ದ ಬಡವರಲ್ಲಿ ಪೆಲಾಗ್ರ ಕಾಣಿಸಿಕೊಳ್ಳುತ್ತಿತ್ತು. ಏಕೆ?

ಹೈದರಾಬಾದಿನ ಪೌಷ್ಟಿಕತಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಉತ್ತರವನ್ನು ಸೂಚಿಸಿದರು. ಶ್ರೀಕಂಠಯ್ಯನವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಜೋಳಕ್ಕೂ ಮೆಕ್ಕೆಜೋಳಕ್ಕೂ ಸಮಾನವಾದ ಗುಣವೊಂದಿದೆ. ಎರಡರಲ್ಲೂ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಹೇರಳ. ಈ ಹೆಚ್ಚಿನ ಲ್ಯೂಸಿನ್ನೇ ದೇಹದ ನಯಾಸಿನ್ ವ್ಯವಹಾರಕ್ಕೆ ಅಡ್ಡಿಯಾಗಿರಬಹುದೆಂಬುದು ಅವರ ಊಹೆ.

ಒಂದು ಲೇಖನದ ಬೆಲೆಯನ್ನು ಅಳೆಯುವ ಬಗೆ ಯಾವುದು? ಅದನ್ನು ಅನಂತರದ ಎಷ್ಟು ಲೇಖನಗಳು ಉಲ್ಲೇಖಿಸಿವೆಯೆಂದು ಎಣಿಸುವುದು ಇಂದಿನ ರೂಢಿ. ಇದಕ್ಕೆ ಬೇಕಾದ ಸೂಚಿಯನ್ನು ಅಮೆರಿಕದ ಯೂಜೀನ್ ಗಾರ್‌ಫೀಲ್ಡರು 1955ರಲ್ಲಿ ಯೋಚಿಸಿ, 1960ರ ದಶಕದಲ್ಲಿ ಪ್ರಕಟಿಸತೊಡಗಿದರು. 2005ರಲ್ಲಿ ಹರ್ಷ್ ಎಂಬ ಭೌತವಿಜ್ಞಾನಿ ಇನ್ನೊಂದು ಅಳತೆಯನ್ನು ಹೇಳಿದರು. ಒಬ್ಬ ಸಂಶೋಧಕನ ಹತ್ತು ಲೇಖನಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದು, ಹನ್ನೊಂದು ಲೇಖನಗಳು ತಲಾ ಹನ್ನೊಂದು ಸಲ ಉಲ್ಲೇಖಗೊಂಡಿರದಿದ್ದರೆ ಅವನ ಅಂಕ ಹತ್ತು.

ಲೆಕ್ಕ ಸುಲಭ, ಅರ್ಥ ಸುಲಭವಲ್ಲ. ಲ್ಯೂಸಿನ್ ಲೇಖನದ ಮುಂದಿನ ಕಥೆಯನ್ನೇ ನೋಡೋಣ. 1963ರಲ್ಲಿ ಭವಾನಿ ಬೆಳವಾಡಿಯವರೊಡನೆ ಅದೇ ತಂಡ, ಲ್ಯೂಸಿನ್ ಸೇವನೆಯಿಂದ ಟ್ರಿಪ್ಟೋಫೇನ್ ಚಯಾಪಚಯದ ಮೇಲಾಗುವ ಪರಿಣಾಮವನ್ನು ಪ್ರಕಟಿಸಿತು. 1967ರಲ್ಲಿ ನಾಯಿಮರಿಗಳ ಮೇಲಣ ಪ್ರಯೋಗವೂ ಊಹೆಯ ಪರವಾಗಿಯೇ ನುಡಿಯಿತು. 1976ರಲ್ಲಿ ಕಮಲಾ ಕೃಷ್ಣಸ್ವಾಮಿ ಮೊದಲಾದವರು ಇದರಲ್ಲಿ ಬಿ6 ಜೀವಸತ್ತ್ವದ ಪಾತ್ರವನ್ನು ಪರೀಕ್ಷಿಸಿದರು. ಆದರೆ 1978ರಲ್ಲಿ ಮ್ಯಾನ್ಸನ್ ಮತ್ತು ಕಾರ್ಪೆಂಟರ್ ಕೋಳಿಮರಿ, ಇಲಿ, ನಾಯಿಗಳಿಗೆ ಹೆಚ್ಚು ಲ್ಯೂಸಿನ್ ತಿನ್ನಿಸಿ ನೋಡಿದಾಗ ನಿರೀಕ್ಷಿತ ಕೆಡುಕು ಕಾಣಲಿಲ್ಲ. 1983ರಲ್ಲಿ ಮಗ್ಬೂಲ್ ಮತ್ತು ಬೆಂಡರ್ ಅವರ ಇಲಿಗಳ ಪ್ರಯೋಗ ಮತ್ತೆ ಲ್ಯೂಸಿನ್ನಿನತ್ತ ಬೆರಳು ತೋರಿತು. ಆಹಾರದಲ್ಲಿ ನಯಾಸಿನ್ ಇಲ್ಲದೆ ಟ್ರಿಪ್ಟೋಫೇನನ್ನೇ ನೆಚ್ಚಬೇಕಾದಾಗ ಅಡ್ಡಿ ಸ್ಪಷ್ಟವಾಯಿತು. ವಾದವು ಪೂರ್ಣವಾಗಿ ಮುಗಿದಿಲ್ಲ.

ಈ ಎಲ್ಲ ಸಂಶೋಧಕರೂ 1960ರ ಊಹೆಯನ್ನೇ ಒರೆಗೆ ಹಚ್ಚಿದರು. ಒಪ್ಪಿದವರ ಉಲ್ಲೇಖವೂ ಒಂದು, ಖಂಡಿಸಿದವರ ಉಲ್ಲೇಖವೂ ಒಂದು. ಸೂಚಿಗೆ ಎರಡೂ ಸಮಾನ. ಹಾಗಾದರೆ ಉಲ್ಲೇಖದ ಸಂಖ್ಯೆಯು ಸತ್ಯದ ಅಳತೆಯಲ್ಲ. ಎಷ್ಟು ಜನರು ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬೇಕಾಯಿತೆಂಬುದರ ಗುರುತು ಮಾತ್ರ. ಪರೀಕ್ಷಿಸಬಹುದಾದ ಮಾತನ್ನು ಸ್ಪಷ್ಟವಾಗಿ ಆಡಿದುದೇ ಗೋಪಾಲನ್ ಮತ್ತು ಶ್ರೀಕಂಠಯ್ಯನವರ ಹಿರಿಮೆ. ಅದು ತಪ್ಪೆಂದು ತೋರಿಸಲು ಹೊರಟವರೂ ಪೆಲಾಗ್ರದ ತಿಳಿವನ್ನು ಬೆಳೆಸಿದರು.

ಇದರಿಂದ ಜೋಳದ ರೊಟ್ಟಿಗೆ ಯಾರೂ ಹೆದರಬೇಕಾಗಿಲ್ಲ. ರೋಗ ತಗುಲುತ್ತಿದ್ದುದು ಜೋಳದ ಹೊರತು ಬೇರೇನೂ ದೊರೆಯದ ಬಡವರಿಗೆ. ರೊಟ್ಟಿಯ ಜೊತೆಗೆ ಬೇಳೆ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ ದೇಹಕ್ಕೆ ಬೇಕಾದ ನಯಾಸಿನ್ನಾಗಲಿ ಟ್ರಿಪ್ಟೋಫೇನಾಗಲಿ ದೊರೆಯುತ್ತದೆ. ಊಟದಲ್ಲಿ ಬಗೆ ಹೆಚ್ಚಿದಂತೆ ಪೆಲಾಗ್ರ ಈಗ ಅಪರೂಪವಾಗಿದೆ.

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಸಂಶೋಧಕರಾಗುವರು. ಒಬ್ಬ ವಿಜ್ಞಾನಿಯನ್ನು ಇಷ್ಟು ಸಾವಿರ ಸಲ ಉಲ್ಲೇಖಿಸಲಾಗಿದೆಯೆಂದು ಕೇಳಿದಾಗ ಅವರು ತಲೆದೂಗಿ ಸುಮ್ಮನಾಗಬಾರದು. ಉಲ್ಲೇಖಿಸಿದವರು ಹೇಳಿದುದೇನು, ಒಪ್ಪಿದರೋ ಅಲ್ಲಗಳೆದರೋ, ಎಂದು ಆ ಲೇಖನಗಳನ್ನೇ ತೆರೆದು ಓದಬೇಕು.