ಒಂದು ಅಂಕ, ಒಂದು ಪ್ರಾಣ

1939ರ ಜನವರಿ 6, ಮೂರು ರಾಯರ ಹಬ್ಬದ ದಿನ. ಅಮೆರಿಕದ ಕೊಲೊರಾಡೊ ಕಾರಾಗೃಹದಲ್ಲಿ 23 ವರ್ಷದ ಜೋ ಆರಿಡಿಯನ್ನು ವಿಷಾನಿಲದ ಕೋಣೆಗೆ ಕರೆದೊಯ್ಯಲಾಯಿತು. ಆತನ ಬುದ್ಧಿಲಬ್ಧ (ಐ.ಕ್ಯು.) 46. ತನ್ನ ಆಟಿಕೆಯ ರೈಲನ್ನು ಸಹಬಂದಿಗೆ ಕೊಟ್ಟು ನಸುನಗುತ್ತಲೇ ನಡೆದನಂತೆ. ಗುರುಗಳು ಪರಲೋಕ ಮಂತ್ರವನ್ನು ಎರಡೆರಡೇ ಪದಗಳಾಗಿ ಹೇಳಿಕೊಟ್ಟರಂತೆ. ಆತ ನಿರಪರಾಧಿಯೆಂದು ರಾಜ್ಯಪಾಲರು ಕ್ಷಮಾದಾನವಿತ್ತದ್ದು 2011ರಲ್ಲಿ!

ಬುದ್ಧಿಮಾಂದ್ಯರಿಗೆ ಮರಣದಂಡನೆ ವಿಧಿಸುವುದು ಸಂವಿಧಾನಬಾಹಿರವೆಂದು ಅಲ್ಲಿನ ಸುಪ್ರೀಂ ಕೋರ್ಟು ಸಾರಿದ್ದು 2002ರ ಆಟ್ಕಿನ್ಸ್ ಮೊಕದ್ದಮೆಯಲ್ಲಿ. ಧರ್ಮಾಧ್ಯಕ್ಷರ ಮಂಡಳಿಯೂ ಇದೇ ನಿಲುವನ್ನು ನ್ಯಾಯಾಲಯದ ಮುಂದಿಟ್ಟಿತ್ತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಅವರೂ ಕಥೋಲಿಕರೇ ಎಂಬುದು ಯೋಚಿಸತಕ್ಕ ಸಂಗತಿ. (ಮರಣದಂಡನೆಯೇ ಸಲ್ಲದೆಂದು ಜಗದ್ಗುರು ಫ್ರಾನ್ಸಿಸರು ಧರ್ಮೋಪದೇಶ ಗ್ರಂಥವನ್ನು ತಿದ್ದಿದ್ದು 2018ರಲ್ಲಿ.)

ಆದರೆ ಬುದ್ಧಿಮಾಂದ್ಯರು ಯಾರೆಂದು ನಿರ್ಣಯಿಸುವ ಹೊಣೆ ರಾಜ್ಯಗಳಿಗೇ ಉಳಿಯಿತು. ಫ್ಲೋರಿಡಾ 70 ಅಂಕಕ್ಕೆ ಗೆರೆ ಎಳೆಯಿತು. ಫ್ರೆಡ್ಡಿ ಲೀ ಹಾಲ್ ಎಂಬಾತನ ವಿಚಾರದಲ್ಲಿ ಪರಿಗಣಿತವಾದ ಅಂಕಗಳಲ್ಲಿ ಅತಿ ಕಡಿಮೆಯದು 71. ಅಷ್ಟರಿಂದಲೇ, ಬಾಲ್ಯದಿಂದಲೂ ಇದ್ದ ಮಾಂದ್ಯದ ಸಾಕ್ಷ್ಯಗಳು ನಿರುಪಯುಕ್ತವಾದವು. ಇಂತಹ ಪರೀಕ್ಷೆಗಳಲ್ಲಿ ಸುಮಾರು 5 ಅಂಕಗಳ ಏರುಪೇರು ಸಹಜವೆಂಬುದು ತಜ್ಞರೇ ಒಪ್ಪಿದ ಮಾತು. ಹಾಗಿರುವಾಗ ಒಂದು ಅಂಕಕ್ಕೆ ಒಂದು ಪ್ರಾಣವೇ? 2014ರಲ್ಲಿ ಸುಪ್ರೀಂ ಕೋರ್ಟು ಆ ಗೆರೆಯನ್ನು ತಳ್ಳಿಹಾಕಿತು, ಅದೂ 5-4ರ ಅಲ್ಪ ಬಹುಮತದಿಂದ. ಹಾಲ್‌ನ ಶಿಕ್ಷೆ ಜೀವಾವಧಿಗೆ ಇಳಿದದ್ದು 2016ರಲ್ಲಿ.